ಹದಿನಾಲ್ಕನೇ ಕಂಬ

ನಮ್ಮ ರಾಜಧಾನಿಯ ಸೇತುವೆಗೆ ಇಪ್ಪತ್ತೇಳು ದೀಪದ ಕಂಬಗಳಿವೆ. ಈಚೆ ದಡದಿಂದ ಎಣಿಸಿಕೊಂಡು ಹೋದರೆ ಹದಿನಾಲ್ಕನೇ ಕಂಬದ ಹತ್ತಿರ ಮನುಷ್ಯನ ಸಿಟ್ಟು ಇಳಿದುಹೋಗುತ್ತದೆ. ಆಚೆ ದಡದಲ್ಲಿ ಎಷ್ಟು ದಿನ ಇದ್ದರೂ ಅದು ಬರುವುದಿಲ್ಲ. ತಿರುಗಿ ಬರುವಾಗ ಅದೇ ಕಂಬದ ಹತ್ತಿರ, ಬಿಟ್ಟುಹೋದದ್ದು ಬಿಟ್ಟುಹೋದಷ್ಟೇ, ಆಚೆ ಬರಬೇಕಿದ್ದದ್ದೂ ಸೇರಿ, ಮೈಗೆ ಏರುತ್ತದೆ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಾನು ಸೇತುವೆಗೆ ಬಣ್ಣ ಬಳಿಯುವವನು, ಕಟ್ಟಿದವನಲ್ಲ. ಹೆಸರು ಅಡಿವೆಪ್ಪ. ಇದನ್ನು ಈಚೆ ದಡದಲ್ಲಿ ಕೂತು ಹೇಳುತ್ತಿದ್ದೇನೆ, ಆದ್ದರಿಂದ ಮಾತು ಬಿರುಸಾಗಿದ್ದರೆ ಸಹಿಸಿಕೊಳ್ಳಿ. ಸಹಿಸಿಕೊಳ್ಳದಿದ್ದರೂ ನನಗೇನೂ ಇಲ್ಲ.

ಕಚೇರಿಗಳೆಲ್ಲ ಆಚೆ ದಡದಲ್ಲಿವೆ. ಮಂತ್ರಿಗಳ ಭವನ, ಕೋರ್ಟು, ದೊಡ್ಡಾಸ್ಪತ್ರೆ, ರೇಷನ್ ಕಾರ್ಡಿನ ಆಫೀಸು, ಎಲ್ಲವೂ. ಈಚೆ ದಡದಲ್ಲಿ ನಾವಿದ್ದೇವೆ. ಏನು ಕೇಳಬೇಕಾದರೂ ನಾವು ದಾಟಬೇಕು, ದಾಟಿದ ಮೇಲೆ ಕೇಳುವ ಗಂಟಲು ನಮ್ಮದಾಗಿರುವುದಿಲ್ಲ. ಒಂದು ಬೇಸಿಗೆಯಲ್ಲಿ ನಲ್ಲಿಗೆ ಹದಿನೆಂಟು ದಿನ ನೀರು ಬಿಡಲಿಲ್ಲವೆಂದು ನಮ್ಮ ಓಣಿಗಳ ನಾಲ್ಕು ಸಾವಿರ ಜನ ಖಾಲಿ ಕೊಡ ಹಿಡಿದು ಧಿಕ್ಕಾರ ಕೂಗುತ್ತ ಹೊರಟೆವು. ಹದಿಮೂರನೇ ಕಂಬದ ತನಕ ಸೇತುವೆ ಅದುರುತ್ತಿತ್ತು. ಹದಿನಾಲ್ಕು ದಾಟಿದ್ದೇ ಮುಂದಿನ ಸಾಲಿನವರು ಎದುರಿನ ಪೊಲೀಸರಿಗೆ ಕೈ ಬೀಸತೊಡಗಿದರು. ಅವರು ಮಜ್ಜಿಗೆ ಇಟ್ಟುಕೊಂಡು ಕಾದಿದ್ದರು. ಮಜ್ಜಿಗೆ ಕುಡಿದು, ಮಂತ್ರಿಗಳ ಆರೋಗ್ಯ ವಿಚಾರಿಸಿ, ಅವರ ಹೂದೋಟ ಒಣಗಿದೆ ಎಂದು ಯಾರೋ ಅಂದದ್ದಕ್ಕೆ, ತಂದ ಕೊಡಗಳಲ್ಲಿ ಅಲ್ಲಿನ ನಲ್ಲಿಯ ನೀರು ಹಿಡಿದು ಗಿಡಗಳಿಗೆ ಹೊತ್ತು ಹಾಕಿ ಬಂದೆವು. ಮರುದಿನ ಆಚೆಯ ಪತ್ರಿಕೆಗಳಲ್ಲಿ ನಮ್ಮ ಸೌಜನ್ಯದ ಬಗ್ಗೆ ಬರೆದಿದ್ದರು. ಈಗಲೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆದರೂ ಜನ ಹೊಂದಿಕೊಳ್ಳುತ್ತಾರೆ. ನಮ್ಮ ಜನ ಯಾವುದಕ್ಕೆ ಹೊಂದಿಕೊಂಡಿಲ್ಲ ಹೇಳಿ. ಗಂಡ ಹೆಂಡತಿ ಜಗಳವಾಡಿದರೆ ಹಿರಿಯರು ಇಬ್ಬರನ್ನೂ ಹದಿನೈದನೇ ಕಂಬದ ತನಕ ಅಡ್ಡಾಡಿ ಬನ್ನಿ ಎಂದು ಕಳಿಸುತ್ತಾರೆ. ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳಲು ಆಚೆಯ ಫುಟ್‌ಪಾತಿನ ಮೇಲೆ ಕೂರುತ್ತಾರೆ. ಸಾಕ್ಷಿ ಹೇಳುವುದು, ಆಣೆ ಮಾಡುವುದು, ಬರೆದುಕೊಡುವುದು ಎಲ್ಲ ಆಚೆ ದಡದಲ್ಲೇ ಆಗಬೇಕೆಂದು ನಮ್ಮ ಅಜ್ಜಂದಿರು ಕಟ್ಟಳೆ ಮಾಡಿಬಿಟ್ಟಿದ್ದಾರೆ. ಸಿಟ್ಟಿಲ್ಲದೆ ಆಡಿದ ಮಾತೇ ಗಟ್ಟಿ, ಈಚೆ ನಿಂತು ಒದರಿದ್ದು ಗಾಳಿಗೆ ಎಂದು ಅವರ ಲೆಕ್ಕ. ಒಬ್ಬನ ಮಾತನ್ನು ನಂಬಬೇಕಾದರೆ ನಮ್ಮಲ್ಲಿ ಮೊದಲು ಕೇಳುವುದು, ಇದನ್ನು ಯಾವ ದಡದಲ್ಲಿ ಹೇಳಿದೆ ಎಂದು.

ನಾವು ಬಣ್ಣದವರು ಹನ್ನೆರಡು ಮಂದಿ. ಈ ತುದಿಯಿಂದ ಆ ತುದಿಗೆ ಬಣ್ಣ ಬಳಿದು ಮುಗಿಸಲು ಎರಡು ವರ್ಷ ಬೇಕು. ಅಷ್ಟರೊಳಗೆ ಈ ತುದಿ ತುಕ್ಕು ಹಿಡಿದಿರುತ್ತದೆ, ಮತ್ತೆ ಶುರು. ಕಟಕಟೆಯ ಹೊರಗೆ ಎರಡು ಹಗ್ಗಕ್ಕೆ ಒಂದು ಹಲಗೆ ಕಟ್ಟಿ ಹೊಳೆಯ ಮೇಲೆ ಇಳಿಬಿಡುತ್ತೇವೆ. ಹಲಗೆಯ ಮೇಲೆ ಒಬ್ಬ, ಮೇಲೆ ಹಗ್ಗ ನೋಡಿಕೊಳ್ಳಲು ಒಬ್ಬ. ನಮ್ಮ ಮೇಸ್ತ್ರಿ ಮೈಲಾರಿ. ಹದಿನೆಂಟು ವರ್ಷ ಅವನು ಕೆಳಗೆ, ನಾನು ಮೇಲೆ. ಮೇಸ್ತ್ರಿಯಾದವನು ಹಲಗೆಗೆ ಇಳಿಯಬೇಕಿರಲಿಲ್ಲ, ಆದರೆ ಮೂಲೆಮೂಲೆಗೆ ಬ್ರಷ್ಷು ಮುಟ್ಟಿಸುವುದು ಬೇರೆಯವರಿಗೆ ಬರುವುದಿಲ್ಲವೆಂದು ಅವನ ಹಟ. ಬಾಯಿ ಹೊಲಸು, ಕೈ ಶುದ್ಧ. ತಂಬಾಕು ಅಗಿಯುತ್ತ ಹೊಳೆಗೆ, ಗಾಳಿಗೆ, ನನಗೆ ಒಟ್ಟಿಗೇ ಬಯ್ಯುತ್ತಿದ್ದ.

ಹಗ್ಗ ಸವೆದು ವರ್ಷವಾಗಿತ್ತು. ಹೊಸ ಹಗ್ಗ ಕೇಳಲು ಮೈಲಾರಿ ಮೂರು ಸಲ ಆಚೆ ಹೋದ, ಮೂರು ಸಲವೂ ನಾನು ಜೊತೆಗಿದ್ದೆ. ಸೇತುವೆ ಕಚೇರಿಯ ಸಾಹೇಬರು ವಿಠ್ಠಲಮೂರ್ತಿಯವರು. ತೆಳ್ಳಗಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಹೋದವರಿಗೆಲ್ಲ ಕುರ್ಚಿ ಕೊಡುತ್ತಾರೆ.

"ಸಾಹೇಬರ, ಹಗ್ಗ ಸವದಾವ್ರಿ," ಎಂದ ಮೈಲಾರಿ, ಮದುವೆಗೆ ಕರೆಯಲು ಬಂದವನ ದನಿಯಲ್ಲಿ.

"ನನ್ನ ಗಮನದಲ್ಲಿದೆ ಮೈಲಾರಿ. ಮುಂದಿನ ತಿಂಗಳು ಬಂದೇ ಬರುತ್ತವೆ. ಮನೆಯಲ್ಲಿ ಎಲ್ಲರೂ ಸೌಖ್ಯವೇ?"

"ಎಲ್ಲಾರೂ ಆರಾಮ ಅದಾರ್ರಿ ನಿಮ್ಮ ದಯದಿಂದ."

ಬರುವಾಗ ಹದಿನಾಲ್ಕನೇ ಕಂಬಕ್ಕೆ ಬಂದದ್ದೇ ಮೈಲಾರಿ ಕಟಕಟೆಗೆ ತಲೆ ಕೊಟ್ಟು ನಿಂತುಬಿಟ್ಟ. "ಆರಾಮ ಅದಾರ ಅಂದ್ನೆಲ್ಲೋ ಅಡಿವೆಪ್ಪ," ಅಂದ. "ಹಗ್ಗದ ಮಾತ ಅಲ್ಲೇ ಬಿಟ್ಟು ನಿಮ್ಮ ದಯ ಅಂದು ಬಂದ್ನೆಲ್ಲೋ. ನನ್ನ ನಾಲಿಗಿಗೆ ಏನ ಬಡೀತೋ ಅಲ್ಲಿ." ಆ ಕಂಬಕ್ಕೆ ಒದ್ದ. ಹೆಬ್ಬೆರಳಿನ ಉಗುರು ಕಿತ್ತುಬಂತು.

ಶ್ರಾವಣದಲ್ಲಿ ನಮ್ಮ ಕಡೆ ಎಂಟು ದಿನ ಮಳೆ ಬಿಡುವು ಕೊಟ್ಟಿತ್ತು, ಆದರೆ ಮೇಲಿನ ಸೀಮೆಯ ಮಳೆಗೆ ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಹೊಳೆ ಇಳಿಯಲಿ ಎಂದು ಮೈಲಾರಿ ಹೇಳಿಕಳಿಸಿದ. ಮಂತ್ರಿಗಳು ಸೇತುವೆಯ ಮೇಲೆ ಬರುವವರಿದ್ದಾರೆ, ಬಣ್ಣ ಮುಗಿಯಲೇಬೇಕು ಎಂದು ಉತ್ತರ ಬಂತು. ಬುಧವಾರ ಹನ್ನೊಂದರ ಸುಮಾರಿಗೆ ಒಂಬತ್ತನೇ ಕಂಬದ ಕೆಳಗೆ ಎಡಗಡೆಯ ಹಗ್ಗ ಹರಿಯಿತು. ಹಲಗೆ ನೆಟ್ಟಗೆ ನಿಂತಿತು. ಮೈಲಾರಿ ಒಂದು ಕೈಯಲ್ಲಿ ಬಣ್ಣದ ಡಬ್ಬಿ ಹಿಡಿದಿದ್ದ, ಅದನ್ನು ಬಿಟ್ಟಿದ್ದರೆ ಬಲಗಡೆಯ ಹಗ್ಗ ಸಿಗುತ್ತಿತ್ತೇನೋ. ಬಿಡಲಿಲ್ಲ. ಸರಕಾರಿ ಡಬ್ಬಿ. ನೀರಿಗೆ ಬಿದ್ದ ಜಾಗದಲ್ಲಿ ಒಂದು ಗಳಿಗೆ ಬೆಳ್ಳಿಬಣ್ಣ ತೇಲಿತು, ಹೊಳೆ ಅದನ್ನೂ ಒಯ್ಯಿತು. ಅಂಬಿಗರು ಮೂರು ದಿನ ಹುಡುಕಿದರು. ಹೆಣ ಸಿಗಲಿಲ್ಲ.

ಅಂಬಿಗರು ದೋಣಿ ಬಿಡುವ ಹೊತ್ತಿಗೆ ನಾವು ಹನ್ನೊಂದು ಮಂದಿ ಸೇತುವೆಯ ಮೇಲೆ ಆಚೆಗೆ ಓಡುತ್ತಿದ್ದೆವು. ನನ್ನ ಕೈಯಲ್ಲಿ ಹರಿದ ಹಗ್ಗದ ತುಂಡಿತ್ತು. ಅದನ್ನೇ ಸಾಹೇಬರ ಕೊರಳಿಗೆ ಬಿಗಿಯುತ್ತೇನೆಂದು ಒದರುತ್ತಿದ್ದೆ. ಸುಳ್ಳಲ್ಲ, ಬಿಗಿಯುವವನೇ ಇದ್ದೆ. ಹದಿನಾಲ್ಕನೇ ಕಂಬದ ಹತ್ತಿರ ಓಟ ನಡಿಗೆಯಾಯಿತು. ಹದಿನಾರಕ್ಕೆ ಬೆವರು ಒರೆಸಿಕೊಂಡು ಅಂಗಿಯ ಗುಂಡಿ ಹಾಕಿಕೊಂಡೆವು. ಕಚೇರಿಯ ಬಾಗಿಲಲ್ಲಿ ಚಪ್ಪಲಿ ಸಾಲಾಗಿ ಬಿಟ್ಟೆವು. ಜವಾನ ಹಗ್ಗದ ತುಂಡು ನೋಡಿ, ಪರದೆ ಕಟ್ಟಲು ಚಲೋ ಆಗುತ್ತದೆ, ಕೊಡುತ್ತೀರಾ ಎಂದು ಕೇಳಿದ. ಕೊಟ್ಟೆ. ಅವನು ನನ್ನ ಕಣ್ಣೆದುರಿಗೇ ಅದರಿಂದ ಕಿಟಕಿಯ ಪರದೆ ಕಟ್ಟಿದ. ಚಂದ ಕಾಣುತ್ತದೆ ಎಂದೆ.

ಸಾಹೇಬರಿಗೆ ನಿಜವಾಗಿಯೂ ದುಃಖವಾಯಿತು. ಅದನ್ನೂ ಹೇಳಬೇಕು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರಿಗೂ ಚಹಾ, ಬಿಸ್ಕತ್ತು ತರಿಸಿದರು.

"ನೋಡಿ ಅಡಿವೆಪ್ಪ," ಎಂದರು, "ಬಿದ್ದ ಎಂದು ಬರೆದರೆ ತನಿಖೆ ಬರುತ್ತದೆ. ತನಿಖೆ ಮುಗಿಯುವ ತನಕ ನಿಮ್ಮ ಕೆಲಸ ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಕೆಲಸ ಬಿಟ್ಟು ಹೋದ ಎಂದು ಬರೆಯೋಣ. ಅದೂ ಸುಳ್ಳಲ್ಲವಲ್ಲ. ಹನ್ನೊಂದರ ನಂತರ ಅವನು ಕೆಲಸದಲ್ಲಿ ಇಲ್ಲ."

"ಖರೇ ಐತ್ರಿ," ಎಂದೆ ನಾನು.

ಮೊದಲ ಸಹಿ ನನ್ನದು. ನನ್ನ ಅಕ್ಷರ ದುಂಡಗಿವೆ. ಉಳಿದ ಹತ್ತು ಮಂದಿ ನನ್ನ ಕೆಳಗೆ ಸಹಿ ಮಾಡಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಸಾಹೇಬರು ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ತಿರುಗಿ ಬರುವಾಗ ಹದಿನಾಲ್ಕನೇ ಕಂಬದ ಹತ್ತಿರ ನಡೆದದ್ದನ್ನು ಹೇಗೆ ಹೇಳಲಿ. ಹನ್ನೊಂದು ಮಂದಿ ಒಬ್ಬರನ್ನೊಬ್ಬರು ಹೊಡೆದೆವು. ನೀನೇ ಮೊದಲು ಸಹಿ ಮಾಡಿದವ ಎಂದು ನನ್ನನ್ನು ಕೆಡವಿ ತುಳಿದರು. ತುಳಿಸಿಕೊಂಡು ಎದ್ದು, ಆ ಕಾಗದ ಹರಿದು ಬರೋಣ ನಡೆಯಿರಿ ಎಂದು ಮತ್ತೆ ಆಚೆಗೆ ಓಡಿದೆವು. ಹದಿನೈದಕ್ಕೆ ತಣ್ಣಗಾಗಿ, ಸಾಹೇಬರಿಗೆ ಪದೇ ಪದೇ ತೊಂದರೆ ಕೊಡುವುದು ಸರಿಯಲ್ಲವೆಂದು ಮಾತಾಡಿಕೊಂಡು ಹಿಂದಿರುಗಿದೆವು. ಕಂಬದ ಈಚೆ ಮತ್ತೆ ಹೊಡೆದಾಟ. ಹಾಗೆ ಮೂರು ಸಲ ಓಡಿದೆವು, ಮೂರು ಸಲ ಬಂದೆವು. ದಾರಿಯ ಮೇಲಿನ ಬಸ್ಸುಗಳಿಂದ ಜನ ನೋಡುತ್ತಿದ್ದರು.

ಮೈಲಾರಿಯ ಹೆಂಡತಿ ಗದಿಗೆವ್ವ. ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಾಳೆ. ಹೊಳೆ ಒಯ್ದು ಹೆಣ ಸಿಗದವರಿಗೆ ನಮ್ಮಲ್ಲಿ ಅವರ ಬಟ್ಟೆಯನ್ನಿಟ್ಟು ಮಣ್ಣು ಕೊಡುವ ಪದ್ಧತಿ ಇದೆ. ಹೊಳೆದಂಡೆಯ ಊರು, ಎಷ್ಟೋ ಮಂದಿಗೆ ಹಾಗೆ ಕೊಟ್ಟಿದ್ದೇವೆ. ಅವಳು ಗಂಡನ ಒಂದು ಧೋತರ, ಅಂಗಿ ಮಡಚಿ ಇಟ್ಟುಕೊಂಡು ಹಿರಿಯರ ಹತ್ತಿರ ಹೋದಳು. ಅಷ್ಟರಲ್ಲಿ ಕಚೇರಿಯ ಕಾಗದದ ಒಂದು ಪ್ರತಿ ಹಿರಿಯರ ಕೈಗೆ ಬಂದಿತ್ತು. ನಾನು ಅಲ್ಲೇ ನಿಂತು, ಅದು ಸುಳ್ಳು ಕಾಗದ, ಮೈಲಾರಿ ನನ್ನ ಕಣ್ಣೆದುರಿಗೆ ಬಿದ್ದ ಎಂದು ಗಂಟಲು ಹರಿಯುವಂತೆ ಕೂಗಿದೆ.

ಹಿರಿಯರಲ್ಲಿ ಹಿರಿಯ ಕಲ್ಲಪ್ಪಜ್ಜ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದ. "ಹನ್ನೊಂದು ಮಂದಿ ಆಚೀ ದಂಡಿ ಮ್ಯಾಲ ಕುಂತು, ಹೋದ ಅಂತ ಬರಕೊಟ್ಟೀರಿ. ಈಗ ಈಚೀ ದಂಡಿಗೆ ನಿಂತು, ಸತ್ತ ಅಂತ ಒದರತೀರಿ. ಸಿಟ್ಟಿನ್ಯಾಗ ಆಡಿದ ಮಾತ ನಾವು ಯಾವತ್ತರ ಹಿಡದೇವೇನು? ಜೀವಂತ ಇದ್ದಾಂವಗ ಮಣ್ಣ ಕೊಡಾಕ ಬರೂದಿಲ್ಲ ತಂಗಿ. ಬಂದಾನು, ತಡಿ."

ಗದಿಗೆವ್ವ ಬಟ್ಟೆಯ ಗಂಟು ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ಮಿಲ್ಲಿನಲ್ಲಿ ಮಾತು ಶುರುವಾಯಿತು. ಯಾರ ಹಿಂದೆ ಹೋದನಂತೆ ಎಂದು ಕಾಳು ಆರಿಸುತ್ತ ಕೇಳಿದರು. ಒಬ್ಬಳು ಅವನನ್ನು ದೂರದ ಸಂತೆಯಲ್ಲಿ ಕಂಡೆನೆಂದಳು, ಇನ್ನೊಬ್ಬಳು ಜೊತೆಗಿದ್ದವಳ ಸೀರೆಯ ಬಣ್ಣವನ್ನೂ ಹೇಳಿದಳು. ಅಳುವುದಕ್ಕೂ ಅವಳಿಗೆ ಹಕ್ಕಿಲ್ಲದಂತಾಯಿತು. ಅತ್ತರೆ, ಓಡಿಹೋದ ಗಂಡನಿಗೆ ಅಳುವವಳು ಎಂದು ಕನಿಕರ ಪಡುವರು. ಹದಿನೆಂಟು ವರ್ಷ ಸೇತುವೆಗೆ ಜೋತುಬಿದ್ದು ದುಡಿದವನು ಹೆಂಡತಿಯನ್ನು ಬಿಟ್ಟು ಓಡಿದವನಾದ, ನನ್ನ ದುಂಡಗಿನ ಅಕ್ಷರದಿಂದ. ಅಷ್ಟೇ ಆಗಿದ್ದರೆ ಬೇರೆ. ಮೈಲಾರಿಯ ಜಾಗದಲ್ಲಿ ನಾನು ಮೇಸ್ತ್ರಿಯಾಗಿದ್ದೆ. ಹೊಸ ಹಗ್ಗಗಳು ಮರುವಾರವೇ ಬಂದವು.

ಒಂದು ಬೆಳಿಗ್ಗೆ ಗದಿಗೆವ್ವ ನಮ್ಮ ಮನೆಯ ಕಟ್ಟೆಗೆ ಬಂದಳು. ಕೂರಲಿಲ್ಲ.

"ನೀ ನೋಡಿಯಿಲ್ಲೋ?"

"ನೋಡೀನಿ."

"ಹಂಗಾರ ನಡಿ, ಆಚೀ ದಂಡಿ ಮ್ಯಾಲ ಹೇಳು. ಹೋದ ಅನ್ನೂದನ್ನ ಹೊಡದು ಸತ್ತ ಅಂತ ಬರಸು. ಮುಂದಿನ್ದು ನಾ ನೋಡಕೋತೀನಿ."

ಹೋದೆವು. ದಾರಿಯುದ್ದಕ್ಕೂ ಅವಳು ಸಾಹೇಬರಿಗೆ ಹೇಳಬೇಕಾದ ಒಂದೊಂದು ಮಾತನ್ನೂ ನನಗೆ ಹೇಳಿ ತೋರಿಸಿದಳು. ಕೇಳಿ ನನ್ನ ಕಿವಿ ಸುಟ್ಟವು. ಹದಿನಾಲ್ಕನೇ ಕಂಬ ದಾಟಿದ ಮೇಲೆ ಹೊಳೆಯ ಗಾಳಿ ತಂಪಾಗಿದೆ ಎಂದಳು. ಕಚೇರಿಯಲ್ಲಿ ಸಾಹೇಬರು ಅವಳಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು, ತಮ್ಮ ತಾಯಿ ಹಾಸಿಗೆ ಹಿಡಿದಿರುವ ಸಂಗತಿ ಹೇಳಿದರು. ಗದಿಗೆವ್ವ ಆ ತಾಯಿಗೆ ಯಾವ ಕಷಾಯ ಕೊಡಬೇಕೆಂದು ವಿವರಿಸಿದಳು. ಬಂದ ಕೆಲಸವನ್ನು ಬಾಗಿಲಲ್ಲಿ ನಿಂತು ಒಂದು ಮಾತಿನಲ್ಲಿ ತಿಳಿಸಿದೆವು. ನೋಡೋಣ ಎಂದರು. ಇಬ್ಬರೂ ಕೈಮುಗಿದು ಹೊರಬಿದ್ದೆವು. ಕಂಬದ ಈಚೆಗೆ ಬಂದದ್ದೇ ಅವಳು ನನ್ನ ಕೆನ್ನೆಗೆ ಬಾರಿಸಿದಳು, ಆಮೇಲೆ ತನ್ನ ಬಾಯಿಗೆ ತಾನೇ ಎರಡು ಕೈಯಿಂದ ಹೊಡೆದುಕೊಂಡಳು.

ನಾಲ್ಕು ತಿಂಗಳಲ್ಲಿ ಆರು ಸಲ ಹೋದೆವು. ಸೇತುವೆಯ ಬುಡದಲ್ಲಿ ಅರ್ಜಿ ಬರೆಯುವ ದಾವಲಸಾಬನಿಂದ ಬೆಂಕಿಯಂಥ ಅರ್ಜಿ ಬರೆಸಿದೆವು. ಆಚೆ ಹೋಗಿ ಬಿಚ್ಚಿ ನೋಡಿದರೆ ಅದು ತೀರಾ ಒರಟಾಗಿ ಕಂಡಿತು, ಮಡಚಿ ಕಿಸೆಯಲ್ಲಿಟ್ಟುಕೊಂಡೆ. ಅಂಗೈಯ ಮೇಲೆ ಸತ್ತ ಎಂದು ಬರೆದುಕೊಂಡು ಹೋದೆ. ಕಚೇರಿಯ ಬಾಗಿಲಲ್ಲಿ, ಶುಭಕಾರ್ಯದ ಮನೆಯಂತೆ ರಂಗೋಲಿ ಹಾಕಿದ್ದಾರೆ, ಅಲ್ಲಿ ಇಂಥದ್ದು ಬೇಡವೆಂದು ಉಗುಳು ಹಚ್ಚಿ ಒರೆಸಿಬಿಟ್ಟೆ. ಒಮ್ಮೆ ಗದಿಗೆವ್ವ ಮುಷ್ಟಿಯಲ್ಲಿ ಮೊಳೆ ಹಿಡಿದು ನಡೆದಳು, ನೋವಿದ್ದರೆ ಸಿಟ್ಟು ಉಳಿದೀತೆಂದು. ರಕ್ತ ಬಂತು. ಸಾಹೇಬರು ತಾವೇ ಟಿಂಚರ್ ಹಚ್ಚಿದರು, ಅವಳು ಅವರನ್ನು ಹರಸಿದಳು.

ಏಳನೆಯ ಸಲ ಹೊರಟದ್ದು ಒಂದು ಸೋಮವಾರ ಬೆಳಿಗ್ಗೆ. ಹದಿಮೂರನೇ ಕಂಬದ ಹತ್ತಿರ ಗದಿಗೆವ್ವ ನಿಂತಳು.

"ತಡಿ," ಅಂದಳು. "ಒಂದ ಮಾತ ಕೇಳತೀನಿ. ಅಲ್ಲಿ ಹ್ವಾದ ಮ್ಯಾಲ ಅಂವ ಬಿದ್ದದ್ದು ನಿನಗ ಮರತ ಹೊಕ್ಕೈತೇನು?"

"ಇಲ್ಲ. ಎಲ್ಲಾ ನೆನಪಿರತೈತಿ."

"ಹಗ್ಗ ಹರದದ್ದು?"

"ಅದೂ ನೆನಪಿರತೈತಿ."

"ನಾಲಿಗಿ ಹೊಳ್ಳೂದಿಲ್ಲೇನು?"

"ಹೊಳ್ಳತೈತಿ. ಸಿಟ್ಟ ಅಷ್ಟ ಇರೂದಿಲ್ಲ."

"ಸಿಟ್ಟ ಇರದಿದ್ರ ಏನಾತು? ಅಂವ ಬಿದ್ದು ಸತ್ತ ಅನ್ನಾಕ ಸಿಟ್ಟ ಯಾಕ ಬೇಕೋ ಅಡಿವೆಪ್ಪ? ಹೊತ್ತ ಮೂಡೇತಿ ಅನ್ನಾಕ ಸಿಟ್ಟ ಬೇಕೇನು?"

ಐವತ್ತು ವರ್ಷ ಈ ಸೇತುವೆಯ ಬಾಜೂಕೆ ಬದುಕಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಿದ್ದನ್ನು ಕೇಳಿಲ್ಲ. ಸಿಟ್ಟು ಹೋದ ಮೇಲೆ ಇನ್ನೇನು ಹೇಳುವುದು ಎಂದು ನಾವು ಹುಟ್ಟುವಾಗಲೇ ಒಪ್ಪಿಕೊಂಡುಬಿಟ್ಟಿರುತ್ತೇವೆ. ಅವಳು ಬಿಡಲಿಲ್ಲ.

"ಅವತ್ತ ಸಹಿ ಮಾಡೂಕಿಂತ ಮದಲ ಆ ಸಾಹೇಬ ನಿನಗ ಏನಂದ?"

ಇದನ್ನು ನಾನು ನಿಮಗೂ ಹೇಳಲಿಲ್ಲ. ಹೇಳದೆ ದಾಟಿಸಿಬಿಡಬಹುದು ಎಂದುಕೊಂಡಿದ್ದೆ. ಸಾಹೇಬರು ಕಾಗದ ನನ್ನ ಕಡೆ ತಿರುಗಿಸಿ, ಪೆನ್ನು ಕೊಡುತ್ತ, "ಇನ್ನು ಮೇಲೆ ತಂಡವನ್ನು ನೀವೇ ನೋಡಿಕೊಳ್ಳಬೇಕು ಅಡಿವೆಪ್ಪ, ಬೇರೆ ಯಾರಿದ್ದಾರೆ" ಎಂದಿದ್ದರು. ನನ್ನ ಎದೆಯೊಳಗೆ ಏನೋ ಹಿತವಾಗಿತ್ತು. ಹೊಳೆಯಲ್ಲಿ ಗೆಳೆಯ ಬಿದ್ದು ಇನ್ನೂ ಒಂದು ತಾಸಾಗಿರಲಿಲ್ಲ. ಹದಿನೆಂಟು ವರ್ಷ ಹಗ್ಗ ಹಿಡಿದು ಮೇಲೆ ನಿಂತವನು, ಒಮ್ಮೆಯೂ ಮೇಸ್ತ್ರಿ ಎಂದು ಕರೆಸಿಕೊಳ್ಳದವನು. ಆಸೆಗೆ ಸಹಿ ಮಾಡಿದೆ. ಆಮೇಲೆ ಕಂಬದ ಈಚೆ ಬಂದು ಸೇತುವೆಯನ್ನು ಬೈದೆ. ಆ ಹಾಳು ಕಂಬ ನನ್ನಿಂದ ತೆಗೆದುಕೊಂಡಿದ್ದು ಸಿಟ್ಟು ಒಂದನ್ನೇ. ಉಳಿದದ್ದನ್ನು ನಾನೇ ಕೈಯಾರೆ ಕೊಟ್ಟು ಬಂದಿದ್ದೆ. ನಾನೊಬ್ಬನೇ ಅಲ್ಲ, ನಮ್ಮ ದಂಡೆಯ ಮುಕ್ಕಾಲುಪಾಲು ಜನ ಹೀಗೇ. ಹೆದರಿಕೆಯಿಂದ ಬಾಯಿ ಮುಚ್ಚುತ್ತೇವೆ, ಕುರ್ಚಿ ಕೊಟ್ಟರೆಂದು ಕರಗುತ್ತೇವೆ, ಬಂದು ಕಂಬಕ್ಕೆ ಒದೆಯುತ್ತೇವೆ.

"ಮೇಸ್ತ್ರಿ ಮಾಡತೀನಿ ಅಂದ," ಎಂದೆ.

ಅವಳು ಈ ಸಲ ಹೊಡೆಯಲಿಲ್ಲ. "ಹೋಗು," ಅಂದಳು. "ಒಬ್ಬನ ಹೋಗು. ನಾ ಇಲ್ಲೇ ಕುಂದರತೀನಿ. ನಾ ಬಂದ್ರ ಆ ಸಾಹೇಬನ ಮಾರಿ ನೋಡಿ ನಗತೀನಿ, ಅವರವ್ವನ ಆರಾಮ ಕೇಳತೀನಿ. ನನ್ನ ಗಂಡನ್ನ ನೀರಿಗೆ ಹಾಕಿದಾಂವಗ ಇನ್ನೊಮ್ಮಿ ನಗೂದಿಲ್ಲ ನಾ." ಹದಿಮೂರನೇ ಕಂಬಕ್ಕೆ ಬೆನ್ನು ಕೊಟ್ಟು ಫುಟ್‌ಪಾತಿನ ಮೇಲೆ ಕೂತಳು.

ನಾನು ದಾಟಿದೆ. ಸಿಟ್ಟು ಇಳಿಯಿತು. ಸಾಹೇಬರು ಕುರ್ಚಿ ಕೊಟ್ಟರು, ನಾನು ನಕ್ಕು ನಿಂತೇ ಇದ್ದೆ. "ಸಾಹೇಬರ, ಮೈಲಾರಿ ಒಂಬತ್ತನೇ ಕಂಬದ ಕೆಳಗ ಹಗ್ಗ ಹರದು ಬಿದ್ದು ಸತ್ತಾನ್ರಿ. ನಾ ನೋಡೀನ್ರಿ. ಹೋದ ಅಂತ ಬರದದ್ದು ಸುಳ್ಳ ಐತ್ರಿ. ಮೇಸ್ತ್ರಿ ಆಗೂ ಆಸೆಗೆ ಸಹಿ ಮಾಡೀನ್ರಿ. ಅದನ್ನ ತಿದ್ದಿ ಕೊಡ್ರಿ." ಎಷ್ಟು ಮೃದುವಾಗಿ ಹೇಳಿದೆನೆಂದರೆ ಸಾಹೇಬರು ಮೊದಲು ಹೌದು ಹೌದು ಎಂದು ತಲೆಯಾಡಿಸಿದರು. ಆಮೇಲೆ ತಲೆ ನಿಂತಿತು.

"ಮುಂದಿನ ತಿಂಗಳು ನೋಡೋಣವೇ?"

"ಆಗಲ್ರಿ. ಅಲ್ಲೀತನ ಇಲ್ಲೇ ಇರತೀನ್ರಿ."

ಚಹಾ ಬಂತು. ಒಲ್ಲೆ ಎಂದೆ. ಅದೊಂದು ಕಷ್ಟವಾಯಿತು, ಅಲ್ಲಿನ ಚಹಾ ಚಲೋ ಇರುತ್ತದೆ. ಹೊರಗಿನ ಬೆಂಚಿನ ಮೇಲೆ ಕೂತೆ. ಸಾಹೇಬರನ್ನು ಕಾಣಲು ಯಾರು ಬಂದರೂ, ನಮಸ್ಕಾರ ಮಾಡಿ, ಅದೇ ನಾಲ್ಕು ಮಾತು ಹೇಳಿದೆ. ಗುತ್ತಿಗೆದಾರರು ಬಂದರು, ಎಂಜಿನಿಯರರು ಬಂದರು, ಸಾಹೇಬರ ಮಗಳ ಸಂಗೀತದ ಮೇಷ್ಟ್ರು ಬಂದರು. ಎಲ್ಲರಿಗೂ ಹೇಳಿದೆ. ಜವಾನ ಬಂದು ಎಬ್ಬಿಸಲು ನೋಡಿದ, ದಯವಿಟ್ಟು ಏಳಿ ಎಂದ. ದಯವಿಟ್ಟು ಕೂರುತ್ತೇನೆ ಎಂದೆ. ಪೊಲೀಸರನ್ನು ಕರೆಸಿದರು. ಪೊಲೀಸಿನವನು ನನ್ನ ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಂಡ, ಹಗ್ಗ ಎಲ್ಲಿ ಹರಿದಿತ್ತು ಎಂದು ಕೇಳಿದ, ಎದ್ದುಹೋದ. ಆಗ ನನಗೆ ಹೊಳೆಯಿತು. ಆ ದಡದಲ್ಲಿ ಸಿಟ್ಟು ನನಗೊಬ್ಬನಿಗೇ ಇಲ್ಲದಿರುವುದಲ್ಲ. ಅವರ್ಯಾರಿಗೂ ಇಲ್ಲ. ನನ್ನನ್ನು ಕತ್ತು ಹಿಡಿದು ಹೊರಗೆ ದಬ್ಬಲು, ಬಾಯಿ ಮುಚ್ಚೋ ಎನ್ನಲು ಅಲ್ಲಿ ಒಬ್ಬ ನರಪಿಳ್ಳೆಗೂ ಸಾಧ್ಯವಿಲ್ಲ. ಇಷ್ಟು ವರ್ಷ ನಾವು ಹೇಳಿದ್ದಿದ್ದರೆ ಅವರು ಕೇಳಲೇಬೇಕಾಗುತ್ತಿತ್ತು. ನಾವು ಹೇಳಲಿಲ್ಲ. ಹೂದೋಟಕ್ಕೆ ನೀರು ಹಾಕಿ ಬಂದೆವು.

ರಾತ್ರಿ ಅದೇ ಬೆಂಚಿನ ಮೇಲೆ ಮಲಗಿ ಮಂಗಳವಾರವೂ ಕೂತೆ. ಬುಧವಾರ ಮಧ್ಯಾಹ್ನ ಸಾಹೇಬರು ಒಳಗೆ ಕರೆದರು. ಕಣ್ಣು ಬಾಡಿದ್ದವು. ಸಂಗೀತದ ಮೇಷ್ಟ್ರು ಇದು ನಿಜವೇ ಎಂದು ಅವರ ಮನೆಯಲ್ಲಿ ಕೇಳಿದ್ದರಂತೆ, ಮಗಳು ಕೇಳಿದಳಂತೆ, ಹಾಸಿಗೆ ಹಿಡಿದ ತಾಯಿಯೂ ಕೇಳಿದರಂತೆ. ಸಿಟ್ಟು ಇಳಿಯುವ ಕಂಬವಿದೆ, ನಾಚಿಕೆ ಇಳಿಯುವ ಕಂಬವನ್ನು ಯಾರೂ ನೆಟ್ಟಿಲ್ಲ.

ಹೊಸ ಹಾಳೆ ತೆಗೆದು ಬರೆದರು. ಬರೆದು ಓದಿದರು. "ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ."

"ಹಗ್ಗ ಸಾಹೇಬರ," ಎಂದೆ, ನಗುತ್ತ. "ಕಾಲಲ್ರಿ. ಮೂರ ಸಲ ಕೇಳಿದ್ವೆಲ್ರಿ ಹಗ್ಗ."

ಅವರು ಪೆನ್ನು ಹಿಡಿದು ಕೂತರು. ಕಿಟಕಿಯ ಪರದೆಯ ಕಡೆ ನೋಡಿದರು. ಕೊನೆಗೆ ಹೊಡೆದು, ಮೇಲೆ ಬರೆದರು. ಸವೆದ ಹಗ್ಗ ಹರಿದು. ಮೂರು ಬಾರಿ ಕೇಳಿದ್ದರೂ ಒದಗಿಸಿರಲಿಲ್ಲ. ಸಹಿ ಮಾಡಿ ಮೊಹರು ಒತ್ತಿದರು. ನಾನೂ ಸಹಿ ಮಾಡಿದೆ, ಮೇಸ್ತ್ರಿ ಎಂದು ಬರೆಯದೆ.

ಆ ಕಾಗದ ಹಿಡಿದು ಹದಿನಾಲ್ಕನೇ ಕಂಬಕ್ಕೆ ಬಂದಾಗ ಮೂರು ದಿನದ್ದು, ನಾಲ್ಕು ತಿಂಗಳದ್ದು ಎಲ್ಲ ಒಟ್ಟಿಗೆ ಮೈಗೆ ಬಂತು. ಸಾಹೇಬನ ಮೇಲೆ, ಜವಾನನ ಮೇಲೆ, ಕಲ್ಲಪ್ಪಜ್ಜನ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಗದಿಗೆವ್ವ ಅದೇ ಜಾಗದಲ್ಲಿ ಕೂತಿದ್ದಳು. ಮೂರು ದಿನ ಬೆಳಿಗ್ಗೆ ಬಂದು ಸಂಜೆಯ ತನಕ ಕೂತು ಹೋಗುತ್ತಿದ್ದಳಂತೆ. ಅವಳಿಗೆ ಓದಲು ಬರುವುದಿಲ್ಲ. ನಾನು ಓದಿದೆ. ಬಸ್ಸುಗಳ ಸಪ್ಪಳದಲ್ಲಿ ಎರಡು ಸಲ ಓದಬೇಕಾಯಿತು.

ಅವಳು ಎದ್ದು ಕಾಗದ ಇಸಕೊಂಡಳು. ಮೊಹರಿನ ಮೇಲೆ ಬೆರಳಾಡಿಸಿದಳು.

"ಎಷ್ಟ ಸಲೀಸ ಐತಿ," ಅಂದಳು. "ಅವತ್ತ ಹೇಳಿದ್ರ ಆಗತಿತ್ತಲ್ಲೋ."

ಅವಳು ಸೆರಗು ತಲೆಯ ಮೇಲೆ ಹೊದ್ದು ನಮ್ಮ ದಂಡೆಯ ಕಡೆ ನಡೆದಳು, ನಾನು ನಾಲ್ಕು ಮಾರು ಹಿಂದೆ. ಸೇತುವೆ ಇಳಿದ ಕೂಡಲೇ ಮೊದಲು ದಾವಲಸಾಬನ ಮುಂದೆ ನಿಂತಳು. "ನನ್ನ ಗಂಡ ಸತ್ತಾನ. ನಾಳಿ ಮಣ್ಣಿಗೆ ಬರ್ರಿ," ಅಂದಳು. ಅವನು ಪೆನ್ನು ಕೆಳಗಿಟ್ಟು ಎದ್ದುನಿಂತ. ಚಹಾದಂಗಡಿಯಲ್ಲಿ ಹೇಳಿದಳು, ಸೈಕಲ್ ರಿಪೇರಿಯವನಿಗೆ ಹೇಳಿದಳು, ಶೇಂಗಾ ಮಿಲ್ಲಿನ ಬಾಗಿಲಲ್ಲಿ ನಿಂತು ಕಾಳು ಆರಿಸುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. ಬಣ್ಣದವರ ಹತ್ತು ಮನೆಗೂ ಹೋಗಿ, ಒಬ್ಬೊಬ್ಬರ ಹೆಸರು ಹಿಡಿದು ಕರೆದಳು. ಕರೆಯದೆ ನಮ್ಮಲ್ಲಿ ಯಾರೂ ಮಣ್ಣಿಗೆ ಹೋಗುವುದಿಲ್ಲ. ಮನೆಯಿಂದ ಮನೆಗೆ ನಾನು ಅವಳ ಹಿಂದೆಯೇ ಇದ್ದೆ, ಸಂಜೆಯ ತನಕ. ನನ್ನನ್ನು ಕರೆಯಲಿಲ್ಲ.